ರಜೆಯನ್ನು ವಾರದ ವಿಶ್ರಾಂತಿಯೆಂದು ಎಣಿಸಬಾರದೆಂದು ಕೋರಿ ಕೊಡಗಿನ ಪೈಲಟ್‌ಗಳ ಮನವಿ

ಮಡಿಕೇರಿ, ಡಿಸೆಂಬರ್ 2025

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ನವದೆಹಲಿ

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವವರು ಕೊಡಗಿನಲ್ಲಿ ಹುಟ್ಟಿ ಬೇರೆ ಬೇರೆ ವಿಮಾನ ಕಂಪನಿಗಳಲ್ಲಿ ದುಡಿಯುತ್ತಿರುವ ಪೈಲಟ್‌ಗಳು ಮತ್ತು ಅವರ ಮನೆಯವರು. 1965ರ ಯುದ್ಧದಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನಾಡಿನವರು ದುಡಿಮೆಗೆ ಅಂಜುವವರಲ್ಲ. ಆಯಾಸದ ಬಗ್ಗೆ ಅವರು ಕಂಪನಿಗಳಿಗೆ ಕೊಟ್ಟ ವರದಿಗಳಿಗೆ ಬಂದದ್ದು 'ಗಮನಿಸಲಾಗಿದೆ' ಎಂಬ ಒಂದೇ ಸಾಲು. ಹಲವಕ್ಕೆ ಅದೂ ಬರಲಿಲ್ಲ. ಆದ್ದರಿಂದ ತಮ್ಮ ಬಾಗಿಲಿಗೆ ಬಂದಿದ್ದಾರೆ.

ಪೈಲಟ್‌ಗಳ ಕರ್ತವ್ಯ ಮತ್ತು ವಿಶ್ರಾಂತಿಯ ಬಗ್ಗೆ 2024ರ ಜನವರಿಯಲ್ಲಿ ತಮ್ಮ ಕಚೇರಿಯೇ ಹೊರಡಿಸಿದ ನಿಯಮಗಳನ್ನು ತಮಗೆ ವಿವರಿಸುವ ಅಗತ್ಯವಿಲ್ಲ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು, ರಾತ್ರಿಯ ಅವಧಿ ಬೆಳಗಿನ 6ರವರೆಗೆ ಹಿಗ್ಗಿತು. ಅದೇ ವರ್ಷ ಜೂನ್ 1ಕ್ಕೆ ಜಾರಿಯಾಗಬೇಕಿದ್ದ ನಿಯಮ ಮುಂದಕ್ಕೆ ಹೋಗಿ, ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟಿನಲ್ಲಿ ಹೋರಾಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಕಂತಿನಲ್ಲಿ ಬಂತು. ಎರಡನೆಯ ಕಂತು ಇಡಿಯಾಗಿ ಬಾಳಿದ್ದು ಐದು ವಾರ ಮಾತ್ರ.

ಡಿಸೆಂಬರ್ 5ರಂದು, ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗುತ್ತಿದ್ದಾಗ, ಆ ಕಂಪನಿಯ ಎ320 ವಿಮಾನಗಳಿಗೆ 2026ರ ಫೆಬ್ರವರಿ 10ರವರೆಗೆ ರಾತ್ರಿಯ ನಿಯಮಗಳಿಂದ ವಿನಾಯಿತಿ ಸಿಕ್ಕಿತು. ವಾರದ ವಿಶ್ರಾಂತಿಯ ಜಾಗದಲ್ಲಿ ರಜೆಯನ್ನು ಎಣಿಸಬಾರದೆಂಬ ಸೂಚನೆಯನ್ನು ಎಲ್ಲ ಕಂಪನಿಗಳ ಮಟ್ಟಿಗೂ ಹಿಂತೆಗೆಯಲಾಯಿತು. ಅರ್ಜಿದಾರರಿಗೆ ಸಹಿಸಲಾಗದೆ ಹೋದದ್ದು ಈ ಎರಡನೆಯದು. ಪುತ್ತರಿ ಹಬ್ಬಕ್ಕೆ ಕದಿರು ಕೊಯ್ಯಲು ಊರಿಗೆ ಹೋಗುವವನು ಕಣ್ಣೂರಿನಲ್ಲಿ ಇಳಿದು ಮಾಕುಟ್ಟ ಘಾಟಿ ಹತ್ತಬೇಕು, ಇಲ್ಲವೇ ಮಂಗಳೂರಿನಲ್ಲಿ ಇಳಿದು ಸಂಪಾಜೆ ಘಾಟಿ. ಮಾರನೆಯ ದಿನ ಅದೇ ದಾರಿಯಲ್ಲಿ ವಾಪಸು. ಆ ಓಡಾಟವನ್ನು ಕಾಗದದ ಮೇಲೆ ವಿಶ್ರಾಂತಿಯೆಂದು ಬರೆದು, ಇಳಿದ ರಾತ್ರಿಯೇ ಡ್ಯೂಟಿ ಹಾಕಬಹುದು. ರೋಸ್ಟರ್ ಪುಟಗಳು, ರಜೆ ಅರ್ಜಿಗಳು, ಆಯಾಸದ ವರದಿಗಳು, ಡಿಸೆಂಬರ್ 5ರ ಆದೇಶದ ಪ್ರತಿ, ಎಲ್ಲವನ್ನೂ ಹೆಸರು ಅಳಿಸಿ ಇದರೊಡನೆ ಲಗತ್ತಿಸಿದೆ. ದಯವಿಟ್ಟು ಓದಬೇಕು, ಕಡತಕ್ಕೆ ಸೇರಿಸಿದರೆ ಸಾಲದು.

ದಣಿದ ಪೈಲಟ್ ಎಂದರೇನೆಂದು ಈ ಸೀಮೆಗೆ ಗೊತ್ತಿದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕಾಕ್‌ಪಿಟ್‌ನ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಇಳಿಯುವಾಗ ಸಹ ಪೈಲಟ್ ಮೂರು ಸಲ 'ಮೇಲೆತ್ತಿ' ಎಂದರೂ ಕೇಳಲಿಲ್ಲ. ನಿದ್ದೆಯ ಮಂಪರನ್ನು ತನಿಖೆಯೇ ಕಾರಣಗಳಲ್ಲಿ ಸೇರಿಸಿತು. 2007ರಲ್ಲಿ ಬಂದಿದ್ದ ವಿಶ್ರಾಂತಿ ನಿಯಮಗಳನ್ನು 2008ರಲ್ಲಿ ತಡೆಹಿಡಿದದ್ದೂ, ಹೊಸ ನಿಯಮ 2011ರಲ್ಲಿ ಬಂದದ್ದೂ ತಮ್ಮ ಕಡತಗಳಲ್ಲೇ ಇದೆ. ತಡೆಹಿಡಿಯುವ ಈ ಅಭ್ಯಾಸ ಎಷ್ಟು ಹಳೆಯದು ನೋಡಿ.

ತಪ್ಪಿದವರನ್ನು ಶಿಕ್ಷಿಸಲು ತಮಗೆ ಬರುತ್ತದೆ: 2024ರ ಮಾರ್ಚ್‌ನಲ್ಲಿ ಕರ್ತವ್ಯದ ಅವಧಿ ಮೀರಿದ್ದಕ್ಕೆ ಏರ್ ಇಂಡಿಯಾಗೆ 80 ಲಕ್ಷ ರೂಪಾಯಿ ದಂಡ ಬಿದ್ದಿತ್ತು. ಆದ್ದರಿಂದ ಹಿಂತೆಗೆದ ಸೂಚನೆಯನ್ನು ಕೂಡಲೇ ಮರುಸ್ಥಾಪಿಸಬೇಕು, ಫೆಬ್ರವರಿ 10ರ ನಂತರ ವಿನಾಯಿತಿಯನ್ನು ಒಂದು ದಿನವೂ ವಿಸ್ತರಿಸಬಾರದು, ಕಂಪನಿಗಳು ಸಲ್ಲಿಸುವ ಆಯಾಸದ ವರದಿಗಳನ್ನು ಸಾರ್ವಜನಿಕರ ಮುಂದಿಡಬೇಕು.

ಇನ್ನೂ ಕೆಲವು ಕೋರಿಕೆಗಳಿವೆ. ರಾತ್ರಿ ಡ್ಯೂಟಿಯಲ್ಲಿ ಬಿಸಿ ಊಟ, ತಂಗುವ ಹೋಟೆಲಿನಲ್ಲಿ ಸದ್ದಿಲ್ಲದ ಕೋಣೆ. ತೋಟ ನೋಡಿಕೊಳ್ಳಲು ಬೇರಾರೂ ಇಲ್ಲದ ಮನೆಯವರಿಗೆ ಕಾಫಿ ಕೊಯ್ಲಿನ ಕಾಲದಲ್ಲಿ ರಜೆಗೆ ಆದ್ಯತೆ. ಕಮಾಂಡರ್‌ಗಳಿಗೆ ಒಂದು ವರ್ಷ, ಸಹ ಪೈಲಟ್‌ಗಳಿಗೆ ಆರು ತಿಂಗಳೆಂದು 2017ರಿಂದ ಇರುವ ನೋಟಿಸ್ ಅವಧಿಯ ಕಡಿತ. ಈಗಾಗಲೇ ರಾಜೀನಾಮೆ ಕೊಟ್ಟಿರುವ ಅರ್ಜಿದಾರರಿಗೂ ಅದು ಅನ್ವಯವಾಗಬೇಕು.

ಫೆಬ್ರವರಿ 10ಕ್ಕೆ ಮುನ್ನ ಅರ್ಜಿದಾರರ ಪ್ರತಿನಿಧಿಗಳಿಗೆ ಭೇಟಿಯ ದಿನ ಗೊತ್ತುಮಾಡಿ, ಲಿಖಿತ ಉತ್ತರ ನೀಡಬೇಕಾಗಿ ವಿನಂತಿ.

ಇಂತಿ,
ಕೆಳಗೆ ಸಹಿ ಮಾಡಿದವರು