ಕದ ತಟ್ಟಿದವರು

ಪರ ಊರಿನಲ್ಲಿ ನೆಲೆಸಿದ ಪ್ರತಿಯೊಂದು ಸಂಸಾರಕ್ಕೂ ಒಂದು ಮೊದಲನೆಯ ರಾತ್ರಿ ಇದ್ದೇ ಇರುತ್ತದೆ. ಕೈಯಲ್ಲಿ ಸಾಮಾನಿನ ಗಂಟು, ಜೇಬಿನಲ್ಲಿ ಯಾರದೋ ವಿಳಾಸ. ಆ ವಿಳಾಸದ ಕದ ತೆರೆಯಿತೆ, ಇಲ್ಲವೆ ಎಂಬುದರ ಮೇಲೆಯೇ ಮುಂದೆ ಆ ಊರು ನಮಗೆ ನಮ್ಮದಾಗುವುದೂ ಆಗದಿರುವುದೂ ನಿಂತಿದೆ. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಪಂಡಿತರು ಪದ ಬಿಡಿಸಿ ಹೇಳುತ್ತಾರೆ. ಈಗಲಾದರೋ ಫೋನು ಮಾಡದೆ ಬಂದವನನ್ನು ನಾವು ಅತಿಥಿ ಎನ್ನುವುದಿಲ್ಲ, ಉಪದ್ರವ ಎನ್ನುತ್ತೇವೆ.

ಗುರುತಿಲ್ಲದವರನ್ನು ಬರಮಾಡಿಕೊಳ್ಳುವುದು ಕ್ರೈಸ್ತರಲ್ಲಿ ಬರಿಯ ಉಪದೇಶವಾಗಿ ಉಳಿಯದೆ ಒಂದು ಏರ್ಪಾಡೇ ಆಯಿತು. ಅದು ನಾವೆಲ್ಲರೂ ತಿಳಿಯತಕ್ಕ ಸಂಗತಿ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಮಾತು ಬರುತ್ತದೆ. ಪರದೇಶಿಯನ್ನು ಒಳಗೆ ಕರೆದುಕೊಂಡವರು ತನ್ನನ್ನೇ ಕರೆದುಕೊಂಡರೆಂದು ಕ್ರಿಸ್ತನು ಎಣಿಸುವನಂತೆ. ಇದರಲ್ಲಿ ಸ್ವಾರಸ್ಯವೇನೆಂದರೆ, ಹಾಗೆ ಕರೆದುಕೊಂಡವರಿಗೆ ತಾವು ಕರೆದದ್ದು ಯಾರನ್ನೆಂಬುದೇ ತಿಳಿದಿರುವುದಿಲ್ಲ.

6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮಗಳನ್ನು ಬರೆದರು. ಅವುಗಳ 53ನೆಯ ಅಧ್ಯಾಯವೆಲ್ಲ ಅತಿಥಿಗಳಿಗೇ ಮೀಸಲು. ಬಂದವರ ಕೈಗೆ ಮಠಾಧಿಪತಿಯೇ ನೀರು ಹಾಕಬೇಕು. ಅತಿಥಿಗಳು ಹೊತ್ತುಗೊತ್ತಿಲ್ಲದೆ ಬರುವವರಾದುದರಿಂದ ಅವರ ಅಡಿಗೆಮನೆ ಬೇರೆಯೇ ಇರಬೇಕು. ಸಾಕಷ್ಟು ಹಾಸಿಗೆಗಳು ಸಿದ್ಧವಾಗಿರಬೇಕು. ಬಡವರನ್ನೂ ಯಾತ್ರಿಕರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕು. ಏಕೆಂದರೆ ಹಣವಂತರಿಗೆ ಮರ್ಯಾದೆ ತಾನಾಗಿಯೇ ದೊರೆಯುತ್ತದೆ! ಇನ್ನು ಬಾಗಿಲಲ್ಲಿ ವಿವೇಕಿಯಾದ ಒಬ್ಬ ವೃದ್ಧನಿರಬೇಕು, ಅವನ ಕೋಣೆ ಬಾಗಿಲ ಪಕ್ಕದಲ್ಲೇ ಇರಬೇಕು ಎಂದು 66ನೆಯ ಅಧ್ಯಾಯ ಹೇಳುತ್ತದೆ. ಬಂದವರಿಗೆ ಉತ್ತರ ಕೊಡುವವರು ಸದಾ ಇರಬೇಕಲ್ಲವೆ?

ಇದಕ್ಕೊಂದು ಮಿತಿಯೂ ಉಂಟು. ಕ್ರೈಸ್ತ ಸಭೆಯ ಅತಿ ಹಳೆಯ ಕೈಪಿಡಿಗಳಲ್ಲೊಂದಾದ ‘ದಿದಖೆ’ಯ ಪ್ರಕಾರ ದಾರಿಹೋಕನು ಎರಡು ಮೂರು ದಿನ ಅತಿಥಿ. ಅಲ್ಲಿಯೇ ನೆಲೆಸುವುದಾದರೆ ಕಸುಬು ಬಲ್ಲವನು ದುಡಿದು ಉಣ್ಣಲಿ. ಕಸುಬಿಲ್ಲದವನಿಗೆ ಸಭೆಯವರೇ ಯೋಚಿಸಿ ದಾರಿ ತೋರಲಿ. ದಯೆಯ ಜೊತೆಗೆ ಲೆಕ್ಕವೂ ಇದ್ದುದರಿಂದಲೇ ಈ ಪದ್ಧತಿ ಬಾಳಿತು.

ಸುಖದ ದಿನಗಳಲ್ಲಿ ಇದೆಲ್ಲ ಸರಿ, ಆಪತ್ತಿನಲ್ಲಿ ನಿಂತೀತೆ? ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಲ ಶಾಂಬೊನ್ ಎಂಬ ಹಳ್ಳಿಯಿದೆ. ಅಲ್ಲಿಯವರು ಬಹುಮಟ್ಟಿಗೆ ಪ್ರಾಟೆಸ್ಟಂಟರು. ಅವರ ಪೂರ್ವಿಕರು ಮತದ ಕಾರಣದಿಂದ ಅರಸರ ಕಾಟಕ್ಕೆ ಗುರಿಯಾಗಿದ್ದವರು. 1940ರಲ್ಲಿ ಫ್ರಾನ್ಸು ಜರ್ಮನರಿಗೆ ಸೋತಿತು. ಆ ಚಳಿಗಾಲದ ಒಂದು ರಾತ್ರಿ ಜರ್ಮನಿಯಿಂದ ಓಡಿಬಂದ ಯೆಹೂದಿ ಹೆಂಗಸೊಬ್ಬಳು ಪಾದ್ರಿ ಆಂದ್ರೆ ತ್ರೋಕ್ಮೆಯವರ ಮನೆಯ ಕದ ತಟ್ಟಿದಳು. ಪಾದ್ರಿಯ ಹೆಂಡತಿ ಮಗ್ದಾ ಆಕೆಯನ್ನು ಒಳಗೆ ಕರೆದರು, ಬೆಚ್ಚಗೆ ಕೂರಿಸಿ ಉಣಿಸಿದರು, ಆಮೇಲೆ ಆಕೆಗೆ ಬೇಕಾದ ಕಾಗದಪತ್ರ ಕೇಳಲು ಊರಿನ ಮೇಯರರ ಬಳಿಗೆ ಹೋದರು. ಮೇಯರರು ಒಪ್ಪಲಿಲ್ಲ.

ದಿನವೆಲ್ಲ ಕಾಗದಪತ್ರಗಳ ನಡುವೆ ಕಳೆಯುವ ಗುಮಾಸ್ತನಾದ ನನಗೆ ಮನಸ್ಸಿಗೆ ತಟ್ಟುವುದು ಈ ಕ್ರಮವೇ: ಮೊದಲು ಮನುಷ್ಯ ಒಳಗೆ, ಆಮೇಲೆ ಕಾಗದ. ಮುಂದಿನ ವರ್ಷಗಳಲ್ಲಿ ಹಳ್ಳಿಯವರೂ ಸುತ್ತಲಿನವರೂ ಹೊಲಮನೆಗಳಲ್ಲಿ, ವಸತಿಗೃಹಗಳಲ್ಲಿ, ಶಾಲೆಗಳಲ್ಲಿ ಸಾವಿರಾರು ಜನರಿಗೆ ಆಸರೆಯಾದರು. ಸುಳ್ಳು ಗುರುತಿನ ಚೀಟಿ, ರೇಷನ್ ಚೀಟಿಗಳನ್ನು ಮಾಡಿಕೊಟ್ಟರು. ಕೆಲವರನ್ನು ಸ್ವಿಟ್ಜರ್‌ಲೆಂಡಿನ ಗಡಿ ದಾಟಿಸಿದರು. ಇದರ ಬೆಲೆಯನ್ನೂ ತೆತ್ತರು. 1943ರ ಫೆಬ್ರವರಿಯಲ್ಲಿ ಪಾದ್ರಿಯ ಬಂಧನವಾಯಿತು. ಅವರು ಬಿಡುಗಡೆಯಾಗಿ ಬಂದರು. ಅದೇ ಜೂನಿನಲ್ಲಿ ಅವರ ಬಂಧು ದಾನಿಯೆಲ್ ತ್ರೋಕ್ಮೆಯವರನ್ನು ತಾವು ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿಗಳೊಡನೆ ಹಿಡಿದೊಯ್ದರು. ಅವರು 1944ರಲ್ಲಿ ಮಾಯ್ದಾನೆಕ್ ಸೆರೆಶಿಬಿರದಲ್ಲಿ ತೀರಿಕೊಂಡರು. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಇಡೀ ಹಳ್ಳಿಯನ್ನೇ ಗೌರವಿಸಿತು. ಬಂದವರು ಅವರ ಮತದವರಲ್ಲ. ಎಷ್ಟೋ ಜನ ಅವರ ಭಾಷೆಯವರೂ ಅಲ್ಲ.

ನಮ್ಮಿಂದ ಯಾರೂ ಅಷ್ಟು ದೊಡ್ಡ ಧೈರ್ಯವನ್ನು ಕೇಳುತ್ತಿಲ್ಲ. ಇಂದು ಹೊಸಬನಿಗೆ ಬೇಕಾದದ್ದು ಬಾಡಿಗೆ ಮನೆಯ ಯಜಮಾನನ ಮುಂದೆ ಒಂದು ಒಳ್ಳೆಯ ಮಾತು, ಗ್ಯಾಸಿಗೂ ಮಕ್ಕಳ ಶಾಲೆಗೂ ಯಾವ ಕಾಗದ ಬೇಕೆಂಬ ತಿಳಿವಳಿಕೆ, ಎರಡು ದಿನದ ಊಟ. ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಸಮಿತಿಯುಂಟು, ನಾಟಕಕ್ಕೆ ಸಮಿತಿಯುಂಟು, ಊಟಕ್ಕಂತೂ ಉಂಟೇ ಉಂಟು. ಬಾಗಿಲಿಗೆ ಯಾರಿದ್ದಾರೆ? ತಿಂಗಳಿಗೊಂದು ಮನೆಯವರು ಈ ಕೆಲಸವನ್ನು ಸರದಿಯಂತೆ ವಹಿಸಿಕೊಂಡು, ತಮ್ಮ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಸಂಘದ ಹಲಗೆಯ ಮೇಲೆ ಬರೆಸಬಾರದೇಕೆ?

ಇನ್ನೊಂದು ಮಾತು. ಕನ್ನಡ ಕೇಳಿದಾಗ ಮಾತ್ರ ತೆರೆಯುವ ಕದ ಅರ್ಧ ತೆರೆದಂತೆ. ನಾವು ಬಂದಿಳಿದಾಗ ನೀರು ಕೊಟ್ಟ ಮರಾಠಿ, ತಮಿಳು, ತೆಲುಗು ನೆರೆಯವರು ನಮ್ಮ ಭಾಷೆಯನ್ನು ವಿಚಾರಿಸಿ ಕೊಡಲಿಲ್ಲ. ಆ ಸಾಲವನ್ನು ಅವರಿಗೇ ಹಿಂದಿರುಗಿಸುವುದು ಕಷ್ಟ. ಮುಂದೆ ಬರುವವನಿಗೆ ತೀರಿಸಬಹುದು.