ಸ್ವದೇಶದ ತಂಡ ದೊರೆಯದ ಗುರು

ವೇಲ್ಸ್ ನಾಡಿನ ಕಾರ್ಮಾರ್ಥನ್ ಸೀಮೆಯಲ್ಲಿ ಕೆವ್ನೈಥಿನ್ ಎಂಬ ಸಣ್ಣ ಹಳ್ಳಿಯೊಂದಿದೆ. ಕಲ್ಲಿದ್ದಲ ಗಣಿಗಳ ನೆರೆಯಲ್ಲಿ ಬೆಳೆದ ಊರು. ಅಂದು ಅಲ್ಲಿಯವರಿಗೆ ದುಡಿಮೆಯೆಂದರೆ ಗಣಿ, ಆಟವೆಂದರೆ ರಗ್ಬಿ, ಮಾತೆಂದರೆ ವೆಲ್ಷ್. ಕಾರ್ವಿನ್ ಜೇಮ್ಸರು 1929ರಲ್ಲಿ ಗಣಿ ಕಾರ್ಮಿಕನೊಬ್ಬನ ಮಗನಾಗಿ ಜನಿಸಿದ್ದು ಈ ಊರಿನಲ್ಲಿಯೇ. ನ್ಯೂಜಿಲೆಂಡಿನವರನ್ನು ಅವರ ನೆಲದಲ್ಲಿಯೇ ಸೋಲಿಸುವ ವಿದ್ಯೆಯನ್ನು ಕಲಿಸಿದ ಈ ಗುರುವಿಗೆ ತನ್ನ ನಾಡಿನ ತಂಡವನ್ನು ತಿದ್ದುವ ಭಾಗ್ಯ ಮಾತ್ರ ಎಂದಿಗೂ ಒದಗಲಿಲ್ಲ.

ರಗ್ಬಿಯ ಪರಿಚಯವಿಲ್ಲದ ವಾಚಕರಿಗೆ ಇಷ್ಟು ತಿಳಿದರೆ ಸಾಕು: ಪಕ್ಷಕ್ಕೆ ಹದಿನೈದು ಮಂದಿ, ಸುಲಿಯದ ತೆಂಗಿನಕಾಯಿಯನ್ನು ಹೋಲುವ ಚೆಂಡು, ಅದನ್ನು ಹಿಡಿದು ಮುಂದಕ್ಕೆ ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಬಲಶಾಲಿಗಳಾದ ಮುಂಚೂಣಿಯವರು ಕಾದಾಡಿ ತಂದ ಚೆಂಡು ತನ್ನ ಕೈಗೆ ಬಂದಾಗ, ಮುಂದೇನು ಮಾಡಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ‘ಔಟ್‌ಸೈಡ್ ಹಾಫ್’. ವೇಲ್ಸಿನಲ್ಲಿ ಆ ಸ್ಥಾನಕ್ಕೆ ಇರುವ ಗೌರವ ಅಷ್ಟಿಷ್ಟಲ್ಲ. ಜೇಮ್ಸರು ಆಡುತ್ತಿದ್ದುದೂ ಅದೇ ಸ್ಥಾನದಲ್ಲಿ.

ಆದರೆ ಅವರ ಕಾಲಕ್ಕೆ ಕ್ಲಿಫ್ ಮಾರ್ಗನ್ ಇದ್ದರು. ಅವರಿರುವಾಗ ಇನ್ನೊಬ್ಬರಿಗೆ ಎಡೆಯೆಲ್ಲಿ? 1958ರ ಜನವರಿಯಲ್ಲಿ ಮಾರ್ಗನ್ ಗಾಯಗೊಂಡಿದ್ದುದರಿಂದ ಜೇಮ್ಸರಿಗೆ ಆಸ್ಟ್ರೇಲಿಯದ ವಿರುದ್ಧ ಆಡುವ ಅವಕಾಶ ಸಿಕ್ಕಿತು. ಅಂದು ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದು ಒಂದು ಗೋಲನ್ನೂ ಗಳಿಸಿದರು. ವೇಲ್ಸ್ 9–3ರಿಂದ ಗೆದ್ದಿತು. ಅದೇ ವರ್ಷ ಫ್ರಾನ್ಸಿನ ವಿರುದ್ಧ ಇನ್ನೊಂದು ಪಂದ್ಯ. ಅಲ್ಲಿಗೆ ಅಂತರರಾಷ್ಟ್ರೀಯ ಆಟಗಾರನಾಗಿ ಅವರ ಕಥೆ ಮುಗಿಯಿತು.

ಅವರ ನಿಜವಾದ ವೃತ್ತಿ ಅಧ್ಯಾಪನ. ಅಬರಿಸ್ಟ್ವಿತ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ವೆಲ್ಷ್ ಸಾಹಿತ್ಯವನ್ನು ಅಭ್ಯಾಸ ಮಾಡಿ, ನೌಕಾದಳದ ಕಡ್ಡಾಯ ಸೇವೆಯಲ್ಲಿ ರಷ್ಯನ್ ಭಾಷೆಯನ್ನೂ ಕಲಿತರು. ಬಳಿಕ ಲ್ಯಾಂಡವರಿ ಶಾಲೆಯಲ್ಲಿಯೂ ಕಾರ್ಮಾರ್ಥನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ ಪಾಠ ಹೇಳಿದರು. ಕಾವ್ಯ ಓದುವವರಿಗೆ ಕೆಸರಿನ ಮೈದಾನದಲ್ಲೇನು ಕೆಲಸವೆಂದು ಕೇಳುವವರು ಎಲ್ಲೆಡೆಯೂ ಇರುತ್ತಾರೆ. ಜೇಮ್ಸರಿಗೆ ಅವೆರಡೂ ಬೇರೆಯೆನಿಸಿದಂತೆ ತೋರುವುದಿಲ್ಲ.

1970ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಿಂದ ಬಂದ ತಂಡವು ಲಾನೆಲ್ಲಿ ಕ್ಲಬ್ಬಿನ ಎದುರು ಆಡಿತು. ಲಾನೆಲ್ಲಿಯ ತರಬೇತುದಾರರು ಜೇಮ್ಸರೇ. ತಮ್ಮ ಹುಡುಗರಿಗೆ ಹೇಳಬೇಕಾದುದನ್ನೆಲ್ಲ ಹೇಳಿ ಅಂಗಳಕ್ಕೆ ಕಳುಹಿಸಿದರು. ತಾವು ಮಾತ್ರ ಉಡುಪು ಬದಲಿಸುವ ಕೊಠಡಿಯಲ್ಲಿಯೇ ಉಳಿದು, ಪಂದ್ಯವನ್ನು ನೋಡದೆ ಪ್ರತಿಭಟಿಸಿದರು. ಅದೇ ವರ್ಷ ವೆಲ್ಷ್ ರಾಷ್ಟ್ರೀಯವಾದಿಗಳಾದ ಪ್ಲೈಡ್ ಕಮ್ರಿ ಪಕ್ಷದಿಂದ ಪಾರ್ಲಿಮೆಂಟಿನ ಚುನಾವಣೆಗೆ ನಿಂತು ಸೋತರು.

ಇಂತಹ ವ್ಯಕ್ತಿಯನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ಕೂಡುತಂಡವಾದ ‘ಲಯನ್ಸ್’ಗೆ ತರಬೇತುದಾರನನ್ನಾಗಿ ಆರಿಸಿದವರ ಧೈರ್ಯವನ್ನು ಮೆಚ್ಚಬೇಕು. 1971ರಲ್ಲಿ ನ್ಯೂಜಿಲೆಂಡಿಗೆ ಹೊರಟ ಆ ತಂಡಕ್ಕೆ ನಾಯಕ ಜಾನ್ ಡಾಸ್. ವ್ಯವಸ್ಥಾಪಕ ಡಗ್ ಸ್ಮಿತ್. ಜೇಮ್ಸರು ಅಬ್ಬರಿಸುವ ಗುರುವಲ್ಲ. ಒಬ್ಬೊಬ್ಬ ಆಟಗಾರನನ್ನೂ ಪ್ರಶ್ನಿಸಿ, ಅವನಿಗೆ ತಿಳಿದುದನ್ನು ಅವನಿಂದಲೇ ಹೊರಡಿಸುತ್ತಿದ್ದರು. ಎದುರಾಳಿಯು ಚೆಂಡನ್ನು ಒದ್ದು ಕಳುಹಿಸಿದರೆ ಹಿಂದಿರುಗಿ ಒದೆಯುವುದೇ ಅಂದಿನ ವಾಡಿಕೆ. ಇವರು ಅಲ್ಲಿಂದಲೇ ಓಡಿ ದಾಳಿಯಿಡಿರೆಂದರು.

ಪರೀಕ್ಷೆ ಬೇಗನೆ ಬಂದಿತು. ಮೊದಲ ಟೆಸ್ಟಿಗೆ ಒಂದು ವಾರವಿದೆಯೆನ್ನುವಾಗ ಕ್ಯಾಂಟರ್‌ಬರಿಯ ವಿರುದ್ಧದ ಪಂದ್ಯ ಹೊಡೆದಾಟವಾಗಿ ಪರಿಣಮಿಸಿತು. ಸ್ಯಾಂಡಿ ಕಾರ್ಮೈಕೇಲರ ಕೆನ್ನೆಯ ಮೂಳೆ ಮುರಿಯಿತು. ರೇ ಮೆಕ್ಲಾಕ್ಲಿನರ ಹೆಬ್ಬೆರಳೂ ಹೋಯಿತು. ಮುಂಚೂಣಿಯ ಇಬ್ಬರು ಕಂಬಗಳೇ ಉರುಳಿದರೂ ಡನೀಡಿನ್ನಿನ ಮೊದಲ ಟೆಸ್ಟನ್ನು ಲಯನ್ಸ್ 9–3ರಿಂದ ಗೆದ್ದಿತು. ಕೆವ್ನೈಥಿನ್ನಿನವರೇ ಆದ ಬ್ಯಾರಿ ಜಾನ್ ಅಂದು ಚೆಂಡನ್ನು ಅತ್ತಿತ್ತ ಒದ್ದು ಎದುರಾಳಿಗಳ ಫುಲ್‌ಬ್ಯಾಕ್ ಮೆಕಾರ್ಮಿಕ್‌ರನ್ನು ಓಡಿಸಿದ್ದೇ ಓಡಿಸಿದ್ದು. ಆ ಬಳಿಕ ಮೆಕಾರ್ಮಿಕ್ ನ್ಯೂಜಿಲೆಂಡ್ ಪರ ಮತ್ತೊಂದು ಟೆಸ್ಟ್ ಆಡಲಿಲ್ಲ. ಎರಡನೆಯದರಲ್ಲಿ ಸೋಲು, ಮೂರನೆಯದರಲ್ಲಿ 13–3ರ ಗೆಲುವು, ನಾಲ್ಕನೆಯದು 14–14ರ ಸಮ. ಎರಡು ಗೆಲುವು, ಒಂದು ಸೋಲು, ಒಂದು ಸಮವೆಂದು ಸ್ಮಿತ್ ಮೊದಲೇ ನುಡಿದಿದ್ದರು! ಟೆಸ್ಟುಗಳಲ್ಲಿ ತಂಡ ಗಳಿಸಿದ 48 ಅಂಕಗಳಲ್ಲಿ 30 ಬ್ಯಾರಿ ಜಾನರವು. ನ್ಯೂಜಿಲೆಂಡಿನಲ್ಲಿ ಲಯನ್ಸ್ ಗೆದ್ದ ಟೆಸ್ಟ್ ಸರಣಿ ಇದೊಂದೇ. 2017ರಲ್ಲಿಯೂ ಸಮವೇ ಸಾಧ್ಯವಾದುದು.

ಮರುವರ್ಷ, 1972ರ ಅಕ್ಟೋಬರ್ 31ರಂದು, ಜೇಮ್ಸರ ಲಾನೆಲ್ಲಿಯು ಪ್ರವಾಸಿ ನ್ಯೂಜಿಲೆಂಡನ್ನು 9–3ರಿಂದ ಸೋಲಿಸಿತು. ಒಂದು ಉಕ್ಕು–ತವರಗಳ ಊರಿನ ಕ್ಲಬ್ಬು ಇಡೀ ದೇಶವೊಂದನ್ನು ಗೆದ್ದಿತ್ತು. ಆ ರಾತ್ರಿ ಊರಿನ ಪಾನಗೃಹಗಳಲ್ಲಿ ಬೀರು ಬರಿದಾಯಿತೆಂದು ಅಲ್ಲಿಯವರು ಹೇಳುವುದುಂಟು. 1973ರ ಜನವರಿಯಲ್ಲಿ ಅದೇ ನ್ಯೂಜಿಲೆಂಡನ್ನು ಬಾರ್ಬೇರಿಯನ್ಸ್ ತಂಡ ಕಾರ್ಡಿಫ್‌ನಲ್ಲಿ ಸೋಲಿಸಿದಾಗ, ಆಟಕ್ಕೆ ಮೊದಲು ಹುರಿದುಂಬಿಸಿದವರು ಜೇಮ್ಸರು. ಗ್ಯಾರೆತ್ ಎಡ್ವರ್ಡ್ಸರ ಆ ಜಗತ್ಪ್ರಸಿದ್ಧ ಟ್ರೈಗೆ ದೂರದರ್ಶನದಲ್ಲಿ ವಿವರಣೆ ನೀಡಿದವರು, ಹಿಂದೆ ದಾರಿಗೆ ಅಡ್ಡನಿಂತಿದ್ದ ಕ್ಲಿಫ್ ಮಾರ್ಗನ್ನರೇ.

ಇನ್ನು ವೇಲ್ಸ್ ತಂಡಕ್ಕೆ ಇವರಲ್ಲದೆ ಮತ್ತಾರು? ಆದರೆ ಅಲ್ಲಿ ಆಟಗಾರರನ್ನು ಆರಿಸುತ್ತಿದ್ದುದು ಐವರ ಸಮಿತಿ. ಪಂಚರ ಮಾತೇ ಕೊನೆಯ ಮಾತು. ತರಬೇತುದಾರನೇ ಆಯ್ಕೆಯ ಅಧ್ಯಕ್ಷನಾಗಬೇಕು, ಜೊತೆಗಾರರನ್ನು ಆತನೇ ಆರಿಸಿಕೊಳ್ಳಬೇಕು ಎಂದು ಜೇಮ್ಸರು 1974ರಲ್ಲಿ ರಗ್ಬಿ ಯೂನಿಯನ್ನಿಗೆ ಬರೆದು, ಸ್ಪರ್ಧೆಯಿಂದ ಹಿಂದೆಸರಿದರು. ಪಟ್ಟುಹಿಡಿದದ್ದು ಅಹಂಕಾರವೆಂದವರೂ ಇದ್ದರು. ಹೊಣೆಯನ್ನು ಒಬ್ಬನಿಗೆ ಹೊರಿಸಿ ಅಧಿಕಾರವನ್ನು ಐವರಲ್ಲಿ ಹಂಚುವುದು ಯಾವ ನ್ಯಾಯವೆಂದು ಕೇಳುವುದು ಅಹಂಕಾರವೆನ್ನಿಸಲಾರದು. ಸ್ಥಾನವು ಅವರ ಶಿಷ್ಯನೆನ್ನಬಹುದಾದ ಜಾನ್ ಡಾಸರಿಗೆ ಹೋಯಿತು. 1976 ಮತ್ತು 1978ರಲ್ಲಿ ವೇಲ್ಸ್ ಎದುರಾಳಿಗಳೆಲ್ಲರನ್ನೂ ಸೋಲಿಸಿ ‘ಗ್ರ್ಯಾಂಡ್ ಸ್ಲ್ಯಾಮ್’ ಗಳಿಸಿದ್ದರಿಂದ, ಪಂಚರಿಗೆ ಪಶ್ಚಾತ್ತಾಪಪಡುವ ಪ್ರಮೇಯವೂ ಬರಲಿಲ್ಲ.

ಜೇಮ್ಸರು ಇಟಲಿಗೆ ತೆರಳಿ ರೋವಿಗೋ ತಂಡವನ್ನು 1979ರಲ್ಲಿ ಅಲ್ಲಿನ ಚಾಂಪಿಯನ್ನರನ್ನಾಗಿ ಮಾಡಿದರು. ಬಳಿಕ ಬರವಣಿಗೆ, ರೇಡಿಯೋ ಮಾತುಗಳಲ್ಲಿ ಕಾಲ ಕಳೆಯಿತು. ಅವಿವಾಹಿತರು, ಬಹುಕಾಲ ಕಾಡಿದ ಚರ್ಮರೋಗ, ಬಿಡದ ಸಿಗರೇಟು. 1983ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬರೇ ಇದ್ದಾಗ ಮರಣ ಹೊಂದಿದರು. ಆಗ ಅವರಿಗೆ ಐವತ್ತಮೂರು ವರ್ಷ.