ಬಿಳಿಯಾದ ಹೂವು ಮತ್ತು ಪ್ರಯೋಗದ ಅಂಕಗಳು

ಪ್ರಯೋಗದಲ್ಲಿ ನಿರೀಕ್ಷಿತ ಉತ್ತರ ಬಾರದಿದ್ದರೆ ನಮ್ಮ ವಿದ್ಯಾರ್ಥಿಗಳು ಪಕ್ಕದವರ ಪುಸ್ತಕ ನೋಡಿ ಅಂಕಿಗಳನ್ನು ತಿದ್ದಿಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪುಸ್ತಕದ ಉತ್ತರಕ್ಕಷ್ಟೇ ಅಂಕ ಕೊಡುವ ಪದ್ಧತಿ ನಮ್ಮದು. ಇದರಿಂದ ಆಗುವ ನಷ್ಟವನ್ನು ತಿಳಿಯಲು ಆರ್‌ಎನ್‌ಎ ಅಣುವಿನ ಕಥೆಗಿಂತ ಉತ್ತಮ ನಿದರ್ಶನ ನನಗೆ ತೋರದು.

ಡಿಎನ್‌ಎಯ ಆದೇಶವನ್ನು ನಕಲು ಮಾಡಿ ಒಯ್ಯುವುದು, ಪ್ರೋಟೀನ್ ತಯಾರಿಕೆಗೆ ನೆರವಾಗುವುದು, ಪಠ್ಯಪುಸ್ತಕಗಳು ಬಹುಕಾಲ ಆರ್‌ಎನ್‌ಎಗೆ ಕೊಟ್ಟ ಕೆಲಸ ಇಷ್ಟೇ. ಅದು ಬರಿಯ ಆಳು, ಒಡೆಯನಲ್ಲ.

1990ರಲ್ಲಿ ಅಮೆರಿಕದ ಕ್ಯಾರೊಲಿನ್ ನಪೋಲಿ, ರಿಚರ್ಡ್ ಜಾರ್ಗೆನ್‌ಸನ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ವರದಿ ಮಾಡಿದರು. ಪೆಟೂನಿಯಾ ಹೂವಿನ ನೇರಳೆ ಬಣ್ಣಕ್ಕೆ ಬೇಕಾದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದಾಗ ಬಣ್ಣ ಗಾಢವಾಗಬೇಕಿತ್ತು. ಆದರೆ ಅನೇಕ ಗಿಡಗಳಲ್ಲಿ ಅರಳಿದ್ದು ಬಿಳಿಯ ಹೂವು! ಅವರು ಆ ಗಿಡಗಳನ್ನು ಕಿತ್ತೆಸೆಯಲಿಲ್ಲ, ಪರೀಕ್ಷಿಸಿದರು. ಸೇರಿಸಿದ ವಂಶವಾಹಿಯೊಡನೆ ಗಿಡದ ಸ್ವಂತ ವಂಶವಾಹಿಯೂ ಮೌನವಾಗಿತ್ತು.

ಇಂತಹ ಮೌನದ ಗುಟ್ಟು ಬಯಲಾದದ್ದು 1998ರಲ್ಲಿ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿಗೆ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿದಾಗ, ಅದಕ್ಕೆ ಹೊಂದುವ ವಂಶವಾಹಿ ಕೆಲಸ ನಿಲ್ಲಿಸಿತು. ಜೀವಕೋಶವು ಆ ಜೋಡಿ ಎಳೆಯನ್ನು ತುಣುಕು ಮಾಡಿ, ಆ ತುಣುಕುಗಳ ಸುಳಿವು ಹಿಡಿದು ದೂತ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುತ್ತದೆ. ಆದೇಶ ಹೊರಡುತ್ತದೆ, ತಲುಪುವುದಿಲ್ಲ. ಇದಕ್ಕೆ 2006ರ ನೊಬೆಲ್ ಸಂದಿತು.

ಅದೇ ಹುಳುವಿನಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ ಅವರ ತಂಡಗಳು 1993ರಲ್ಲಿಯೇ ಇನ್ನೊಂದನ್ನು ಕಂಡಿದ್ದವು: ಪ್ರೋಟೀನನ್ನೇ ತಯಾರಿಸದ, ಸುಮಾರು 22 ಅಕ್ಷರಗಳ ಕಿರು ಆರ್‌ಎನ್‌ಎ ಬೇರೊಂದು ವಂಶವಾಹಿಯನ್ನು ಹತೋಟಿಯಲ್ಲಿಡುತ್ತಿತ್ತು. ಹುಳುವಿನ ವೈಚಿತ್ರ್ಯವೆಂದು ಅನೇಕರು ಅದನ್ನು ಬದಿಗಿರಿಸಿದರು. 2000ದಲ್ಲಿ ಅಂತಹದೇ ಇನ್ನೊಂದು ಕಿರು ಆರ್‌ಎನ್‌ಎ ಮನುಷ್ಯನಲ್ಲಿಯೂ ಇರುವುದು ತಿಳಿದ ಮೇಲೆ ಲೋಕದ ಕಣ್ಣು ತೆರೆಯಿತು. ಅವರಿಬ್ಬರಿಗೆ ನೊಬೆಲ್ ಬಂದದ್ದು 2024ರಲ್ಲಿ. ಯಕೃತ್ತಿಗೂ ಮಿದುಳಿಗೂ ಡಿಎನ್‌ಎ ಒಂದೇ; ಯಾವ ವಂಶವಾಹಿ ಎಲ್ಲಿ, ಎಷ್ಟು ದುಡಿಯಬೇಕೆಂಬ ನಿರ್ಧಾರದಲ್ಲಿ ಈ 'ಆಳಿ'ಗೂ ಪಾಲಿದೆ. ಈ ತತ್ತ್ವದ ಮೇಲೆ ನಿಂತ ಮೊದಲ ಔಷಧ ಪ್ಯಾಟಿಸಿರಾನ್‌ಗೆ 2018ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ನರಗಳನ್ನು ಹಾಳುಮಾಡುವ ಒಂದು ಆನುವಂಶಿಕ ರೋಗಕ್ಕೆ ಅದು ಮದ್ದು.

ತಪ್ಪಾದ ಅಂಕಿಯೆಲ್ಲ ಆವಿಷ್ಕಾರವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಬಹುಪಾಲು ಕೈತಪ್ಪೇ ಇರುತ್ತದೆ. ಆದರೆ ಅದು ಕೈತಪ್ಪೇ ಎಂಬುದೂ ಮರಳಿ ಮಾಡಿ ನೋಡಿದಾಗಲೇ ಗೊತ್ತಾಗಬೇಕು, ಅಳಿಸುವ ರಬ್ಬರಿನಿಂದಲ್ಲ.

ನನ್ನ ಶಿಷ್ಯರಲ್ಲಿ ಹಲವರು ಇಂದು ಅಧ್ಯಾಪಕರು. ಅವರಲ್ಲಿ ನನ್ನದೊಂದು ಕೋರಿಕೆ: ಕಂಡದ್ದನ್ನು ಕಂಡಂತೆ ಬರೆದ ಮಗುವಿಗೂ ಅಂಕವಿರಲಿ. 'ಏಕೆ ಹೀಗಾಯಿತು?' ಎಂದು ಪುಟದ ಅಂಚಿನಲ್ಲಿ ಬರೆದ ಮಗುವಿಗೆ ಒಂದು ಅಂಕ ಹೆಚ್ಚೇ ಇರಲಿ.